ಡಾಕಪ್ಪ ಮೂಸಿ ನೋಡಿದ ಉಪನ್ಯಾಸಗಳು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದುಡಿಯುವವರು ಸೀನುವುದಿಲ್ಲ. ಹೊಸಬರು ರೈಲಿಳಿದು ಪೇಟೆಯ ಗೇಟು ದಾಟುವಷ್ಟರಲ್ಲಿ ಸೀನಿ ಸೀನಿ ಸುಸ್ತಾಗುತ್ತಾರೆ, ನಮ್ಮವರು ಚಹಾ ಕುಡಿಯುತ್ತ ಅವರನ್ನು ನೋಡುತ್ತಾರೆ. ಹಮಾಲರಂತೂ ಮಧ್ಯಾಹ್ನ ಕೆಂಪು ರಾಶಿಗೇ ಒರಗಿ ಸೊಗಸಾಗಿ ನಿದ್ದೆ ತೆಗೆಯುತ್ತಾರೆ. ಇಂಥ ಊರಿನಲ್ಲಿ ಹುಟ್ಟಿ, ಇದೇ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಕಾರಕೂನನಾಗಿ ತಲೆ ನರೆಸಿಕೊಂಡ ಮೇಲೂ ಸೀನುವ ಒಬ್ಬನೇ ಒಬ್ಬ ಮನುಷ್ಯನಿದ್ದಾನೆ. ಅವನೇ ನಮ್ಮ ಡಾಕಪ್ಪ. ಪೇಟೆಯವರು ಇದನ್ನು ಊರಿನ ಮರ್ಯಾದೆಯ ಪ್ರಶ್ನೆ ಎಂದುಕೊಂಡು ಅವನಿಗೆ ತುಳಸಿ ಕಷಾಯದಿಂದ ಹಿಡಿದು ಮಂತ್ರಿಸಿದ ದಾರದವರೆಗೆ ಎಲ್ಲ ಮಾಡಿಸಿ ನೋಡಿದರು. ಮೂಗು ಜಗ್ಗಲಿಲ್ಲ.

ಸೀನು ಬಿಟ್ಟರೆ ಅವನಿಗೆ ಇದ್ದದ್ದು ನಿದ್ದೆ. ಡಾಕಪ್ಪನ ನಿದ್ದೆ ಸಾಮಾನ್ಯದ್ದಲ್ಲ. ಲೆಕ್ಕ ಬರೆಯುತ್ತ ಬರೆಯುತ್ತ ರೆಪ್ಪೆ ಕೂಡಿದರೆ ಸಾಕು, ಪೇಟೆಯ ಅಂಗಳ ಕೆಂಪು ಕೆರೆಯಾಗಿ ಅಲೆಯಾಡತೊಡಗುತ್ತಿತ್ತು, ಎತ್ತುಗಳು ಅದರಲ್ಲಿ ಈಜಿಕೊಂಡು ಬರುತ್ತಿದ್ದವು, ಸತ್ತ ಸಾಹುಕಾರರು ದಂಡೆಯ ಮೇಲೆ ಕುಳಿತು ರೇಟು ಕೇಳುತ್ತಿದ್ದರು. ಎದ್ದ ಮೇಲೆ ಯಾವುದು ಕಂಡದ್ದು, ಯಾವುದು ಕನಸು ಎಂದು ಬೇರ್ಪಡಿಸುವುದಕ್ಕೆ ಅವನಿಗೆ ಒಂದು ಕಪ್ ಚಹಾ ಆದರೂ ಬೇಕಾಗುತ್ತಿತ್ತು. ಚಹಾ ತಡವಾದ ದಿನ ಲೆಕ್ಕದಲ್ಲಿ ಸತ್ತವರ ಹೆಸರು ಬರುತ್ತಿತ್ತು.

ಈ ವರ್ಷ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಊರಿನವರು ಕೂಡಿ ಮೆಣಸಿನಕಾಯಿ ಸಮ್ಮೇಳನ ಮಾಡಲು ಹೊರಟರು. ಮಾತಾಡಬಯಸುವವರು ತಾವು ಏನು ಮಾತಾಡುತ್ತೇವೆಂದು ಒಂದು ಹಾಳೆಯಲ್ಲಿ ಬರೆದು ಕಳಿಸಬೇಕು, ಸಮಿತಿ ಅದರಲ್ಲಿ ಆರಿಸುತ್ತದೆ ಎಂದು ಸಾರಿದರು. ಸಮಿತಿಯ ಅಧ್ಯಕ್ಷ ಕಿರಣಕುಮಾರ, ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್ ಇಟ್ಟವನು. ಒಂದು ದಿನ ಅವನು ಬಂದ ಹಾಳೆಗಳನ್ನೆಲ್ಲ ಕಂಕುಳಲ್ಲಿ ಇಟ್ಟುಕೊಂಡು ದಲಾಲಿ ಅಂಗಡಿಗೆ ಬಂದು, ಡಾಕಪ್ಪನ ಎದುರಿನ ಚೀಲದ ಮೇಲೆ ಕುಸಿದು ಕುಳಿತ.

“ಡಾಕಪ್ಪಣ್ಣ, ಇದನ್ನ ಕೇಳ್ರಿ. ‘ಇಂದಿನ ವೇಗದ ಜಗತ್ತಿನಲ್ಲಿ ಮೆಣಸಿನಕಾಯಿ ಕೇವಲ ಒಂದು ಬೆಳೆಯಲ್ಲ, ಅದೊಂದು ಭಾವನೆ.’ ಇದು ಹಾವೇರಿಯಿಂದ ಬಂದೈತಿ. ಈಗ ರಾಣೆಬೆನ್ನೂರಿಂದು ಕೇಳ್ರಿ. ‘ಇಂದಿನ ವೇಗದ ಜಗತ್ತಿನಲ್ಲಿ ಬೀಜ ಕೇವಲ ಬೀಜವಲ್ಲ, ಅದೊಂದು ಪಯಣ.’ ನಮ್ಮೂರಿಂದು ಕೇಳೂದ ಬ್ಯಾಡ.”

“ಚಲೋ ಬರದಾರಲ್ರಿ,” ಎಂದ ಡಾಕಪ್ಪ.

“ಎಲ್ಲಿ ಬರದಾರ? ಮೊಬೈಲಿಗೆ ಹೇಳಿ ಬರಿಸ್ಯಾರ. ಎಐ ಅಂತ ಬಂದೈತಲ್ಲ, ಅದಕ್ಕ ಹೇಳಿದ್ರ ಅದ ಬರದ ಕೊಡ್ತೈತಿ. ಮೆಣಸಿನಕಾಯಿ ಮುಟ್ಟಲಾರದ ಮಷಿನ್ನು ಮೆಣಸಿನಕಾಯಿ ಬಗ್ಗೆ ಬರದದ್ದನ್ನ ನಾವು ಮೈಕಿನ್ಯಾಗ ಕೇಳಬೇಕೇನು? ಆದ್ರ ಮನಷ್ಯಾ ಬರದದ್ದು ಯಾವ್ದು, ಅದು ಬರದದ್ದು ಯಾವ್ದು, ಹೆಂಗ ಆರಿಸೂದು ಹೇಳ್ರಿ.”

ಹೀಗೆಂದು ಅವನು ಕಟ್ಟಿನ ಅಡಿಯಿಂದ ಒಂದು ಮಡಚಿದ ಹಾಳೆ ತೆಗೆದು ಬಿಡಿಸಿದ. ಅದು ಗುತ್ತಲದ ರೈತನೊಬ್ಬನದು. “ನಮ್ಮ ಹೊಲದಾಗ ಮಂಗ್ಯಾ ಬಂದು ಮೆಣಸಿನಕಾಯಿ ತಿಂದು, ಖಾರ ಹತ್ತಿದ ಮ್ಯಾಲ ನೀರಿಗೂ ನನ್ನ ಪಂಪಸೆಟ್ಟಿಗೇ ಬರ್ತಾವ. ಈ ವಿಷಯ ನಾನು ಮಾತಾಡ್ತೇನಿ. ಸಿಟ್ಟಿಲೇ ಮಾತಾಡ್ತೇನಿ” ಎಂದಷ್ಟೇ ಅದರಲ್ಲಿತ್ತು. ರೈತ ಅದನ್ನು ರಾಶಿಯ ಮೇಲೆ ಕುಳಿತೇ ಬರೆದಿರಬೇಕು. ಮಡಿಕೆ ಬಿಚ್ಚಿದ್ದೇ ತಡ, ಕೆಂಪು ಧೂಳಿನ ಒಂದು ಎಳೆ ಎದ್ದು ನೇರವಾಗಿ ಡಾಕಪ್ಪನ ಮೂಗಿಗೆ ಹೋಯಿತು. ಡಾಕಪ್ಪ ಸೀನಿದ.

ಕಿರಣಕುಮಾರ ಹಾಳೆ ನೋಡಿದ, ಡಾಕಪ್ಪನನ್ನು ನೋಡಿದ. “ಅಲ್ರಿ, ಉಳದ ಯಾವ್ದಕ್ಕೂ ನೀವು ಸೀನಲಿಲ್ಲ. ಇದಕ್ಕ ಸೀನಿದ್ರಿ. ಇದು ಖರೇನ ಮನಷ್ಯಾ ಬರದದ್ದು. ನಿಮಗ ಹೆಂಗ ಗೊತ್ತಾತು?”

ಧೂಳು ಬಂತು ಎಂದು ಹೇಳಬಹುದಿತ್ತು. ಆದರೆ ಜನ್ಮವಿಡೀ ನಗೆಪಾಟಲಾದ ಮೂಗಿಗೆ ಯಾರಾದರೂ ಗೌರವ ಕೊಟ್ಟದ್ದು ಅದೇ ಮೊದಲು. ಡಾಕಪ್ಪ ಮೂಗು ಒರೆಸಿಕೊಂಡು, ದೂರದ ರಾಶಿಯ ಕಡೆ ನೋಡುತ್ತ, “ಖರೇ ಬರಹಕ್ಕ ಒಂದು ಘಾಟು ಇರ್ತೈತ್ರಿ” ಎಂದುಬಿಟ್ಟ. ಈ ಮಾತು ತನ್ನೊಳಗೆ ಎಲ್ಲಿತ್ತು ಎಂದು ಅವನಿಗೇ ಆಶ್ಚರ್ಯವಾಯಿತು.

ಸಂಜೆಯೊಳಗೆ ಸುದ್ದಿ ಪೇಟೆ ದಾಟಿ ಓಣಿಗೆ ಬಂತು. ಇಷ್ಟು ದಿನ ಮಾತು ಖರೇಯೋ ಸುಳ್ಳೋ ಎನ್ನುವುದನ್ನು ಗೋಡೆಯ ಹಲ್ಲಿ ಲೊಚಗುಟ್ಟಿ ಹೇಳುತ್ತಿತ್ತು. ಈಗ ಆ ಜವಾಬ್ದಾರಿಯನ್ನು ಡಾಕಪ್ಪನ ಮೂಗಿಗೆ ವಹಿಸಲಾಯಿತು. ಮೊದಲು ಬಂದವಳು ಪಕ್ಕದ ಮನೆಯ ಅಕ್ಬರಬಿ. ಒಂದು ಕಾಲಕ್ಕೆ ಓಣಿ ಓಣಿ ತಿರುಗಿ ಬಳೆ ಮಾರಿದ ಮುದುಕಿ, ಡಾಕಪ್ಪನ ತಾಯಿ ಮಂಗಳವ್ವನ ವಾರಿಗೆಯವಳು. ಸಿಟ್ಟು ಮಾಡಿಕೊಂಡು ತವರಿಗೆ ಬಂದು ಕುಳಿತ ಮೊಮ್ಮಗಳಿಗೆ ಗಂಡ ಖಲಂದರ ಕಳಿಸಿದ ಕ್ಷಮಾಪಣೆಯನ್ನು ಪ್ರಿಂಟು ಹಾಕಿಸಿ ತಂದಿದ್ದಳು.

“ಮೂಸಿ ನೋಡೋ ಡಾಕ್ಯಾ. ಇಂವಾ ಖರೇನ ಬರದಾನೋ ಏನೋ.”

ಡಾಕಪ್ಪ ಓದಿದ. ‘ನನ್ನ ನಡವಳಿಕೆಯಿಂದ ಉಂಟಾದ ಅನಾನುಕೂಲತೆಗೆ ಹೃತ್ಪೂರ್ವಕವಾಗಿ ವಿಷಾದಿಸುತ್ತೇನೆ.’ ಮೂಸಿದ. ಸೀನು ಬರಲಿಲ್ಲ. “ಇದು ಮಷಿನ್ನಿಂದು” ಎಂದ. ಮರುದಿನ ಖಲಂದರ ತಾನೇ ಬಂದು ಬಾಗಿಲಲ್ಲಿ ನಿಂತು, ಹೌದು, ಮೊಬೈಲೇ ಬರೆದದ್ದು ಎಂದು ಒಪ್ಪಿಕೊಂಡ. “ನಂಗ ಅಷ್ಟ ಚೆಂದ ಬರಂಗಿಲ್ಲ. ನೀ ಹೋದಾಗಿಂದ ಮನ್ಯಾಗ ಕುಕ್ಕರ್ ಸೀಟಿ ಹೊಡದ್ರೂ ಅಳು ಬರ್ತೈತಿ, ಅಷ್ಟ ಗೊತ್ತು” ಎಂದ. ಮೊಮ್ಮಗಳು ಚೀಲ ಕಟ್ಟಿಕೊಂಡು ಹೊರಟೇಬಿಟ್ಟಳು. ಆಮೇಲೆ ಡಾಕಪ್ಪನಿಗೂ ತನ್ನ ಮೂಗಿನ ಮೇಲೆ ನಂಬಿಕೆ ಕುಳಿತಿತು. ಹೆಂಡತಿ ಜಯವ್ವ ಮಾತ್ರ, “ಒಲಿ ಮ್ಯಾಲ ಹಾಲು ಹೊತ್ತಿದ್ದು ವಾಸನಿ ಬರಂಗಿಲ್ಲ, ಊರ ಮಂದಿ ಹಾಳಿ ವಾಸನಿ ಬರ್ತೈತಿ” ಎಂದು ಪಾತ್ರೆಯ ಜೊತೆ ಮಾತಾಡಿದಳು.

ಕಿರಣಕುಮಾರ ಹಾಳೆಗಳ ಕಟ್ಟನ್ನೇ ಡಾಕಪ್ಪನಿಗೆ ಒಪ್ಪಿಸಿದ. ಖರೇ ಯಾವುದೆಂದು ಅವನು ಹೇಳಿದ್ದೇ ಕೊನೆ, ಪ್ರಧಾನ ಉಪನ್ಯಾಸವೂ ಅದರಲ್ಲೇ ಆಗತಕ್ಕದ್ದು ಎಂದು ಸಮಿತಿ ಠರಾವು ಮಾಡಿತು.

ರವಿವಾರ ಬಂತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೊಂದು ದೊಡ್ಡ ಗ್ಲಾಸು ಮಜ್ಜಿಗೆ. ಊಟವಾದ ಮೇಲೆ ಡಾಕಪ್ಪ ಪಡಸಾಲೆಯ ಮಂಚದ ಮೇಲೆ ಅಡ್ಡಾಗಿ ಕಟ್ಟನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡ. ಅಡುಗೆಮನೆಯಲ್ಲಿ ಮಗಳು ಮೇಘಾ ಅಜ್ಜಿ ಮಂಗಳವ್ವನ ಹತ್ತಿರ ಕುಳಿತು ಏನೋ ಹೇಳುತ್ತಿದ್ದಳು, ಅಜ್ಜಿ ನಡುನಡುವೆ ಹೂಂ ಎನ್ನುತ್ತಿದ್ದಳು. ಡಾಕಪ್ಪ ಒಂದು ಹಾಳೆ ಎತ್ತಿದ. ಇಂದಿನ ವೇಗದ ಜಗತ್ತಿನಲ್ಲಿ. ಇಳಿಸಿದ. ಇನ್ನೊಂದು ಎತ್ತಿದ. ಇಂದಿನ ವೇಗದ ಜಗತ್ತಿನಲ್ಲಿ. ಆ ಜಗತ್ತು ಎಷ್ಟು ವೇಗದ್ದೋ ಏನೋ, ಡಾಕಪ್ಪನ ರೆಪ್ಪೆಗಳು ಮಾತ್ರ ನಿಧಾನವಾಗಿ ಇಳಿದವು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ಕೋಲಿನಲ್ಲಿ ಕೆಂಪು ಧೂಳು ಸುತ್ತುತ್ತಿತ್ತು. ಸ್ಟೇಷನ್ನಿನ ಕಡೆ ಯಾವುದೋ ಗಾಡಿ ಹೋಯಿತು, ಹೋಗಿ ಎಷ್ಟೋ ಹೊತ್ತಾದರೂ ಹೋಗುತ್ತಲೇ ಇತ್ತು.

ಅವನ ಕೈಯಲ್ಲಿ ಒಂದು ಹಾಳೆ ಇತ್ತು. ಅದು ಉಳಿದವುಗಳಂತೆ ಇರಲಿಲ್ಲ. ಅದು ತಾನೇ ಮಾತಾಡುತ್ತಿತ್ತು. ‘ದಿನಾ ಮೆಣಸಿನಕಾಯಿ ತೊಟ್ಟು ಮುರಿಯೋ ಕೈಲೆ ಕೂಸಿನ ಕಣ್ಣಿಗೆ ಕಾಡಗಿ ಹಚ್ಚೂದು ಹೆಂಗ? ತೊಳದ್ರ ಹೋಗಂಗಿಲ್ಲ ಉರಿ. ಬೆಣ್ಣಿ ಹಚ್ಚಿದ್ರೂ ಹೋಗಂಗಿಲ್ಲ. ಕೂಸು ಕೈ ಚಾಚತೈತಿ, ಅವ್ವ ಕೈ ಹಿಂದ ತಗೋತಾಳ.’ ಕೆಂಪು ಕೆರೆಯ ನಡುವೆ ಒಬ್ಬ ಹೆಂಗಸು ಕುಳಿತಿದ್ದಳು. ಎರಡೂ ಕೈಯನ್ನು ಮೈಯಿಂದ ದೂರ ಹಿಡಿದಿದ್ದಳು, ಈಗಷ್ಟೇ ಮೆಹಂದಿ ಹಚ್ಚಿಕೊಂಡವರು ಹಿಡಿಯುವ ಹಾಗೆ. ಅವಳು ಇವನ ಕಡೆ ತಿರುಗುವವಳಿದ್ದಳು. ಅಷ್ಟರಲ್ಲಿ ಡಾಕಪ್ಪ ಜೋರಾಗಿ ಸೀನಿ ಎದ್ದು ಕುಳಿತ.

ಅಡುಗೆಮನೆಯಲ್ಲಿ ಜಯವ್ವ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದ್ದಳು. ಡಾಕಪ್ಪ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸೀನು ಬಂದಿತ್ತು, ಹಾಳೆ ಓದಿದ್ದ. ಎಂದಮೇಲೆ ಸಿಕ್ಕಿತು. ಆ ದಿನ ಚಹಾಕ್ಕೆ ಹಾಲು ಒಡೆದಿತ್ತು ಎನ್ನುವುದನ್ನೂ ಇಲ್ಲಿ ಹೇಳಬೇಕು.

ಮರುದಿನ ಕಿರಣಕುಮಾರನ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಸಮಿತಿ ಸೇರಿತು. ಹಾವೇರಿಯಿಂದ ಮಹೇಶ್ವರಿ ಟೀಚರ್ ಬಂದಿದ್ದರು. ಅವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಎದುರಿಗಿದ್ದವರು ಯಾರೇ ಆದರೂ ತಾವಾಗಿಯೇ ನೆಟ್ಟಗೆ ಕೂರುತ್ತಿದ್ದರು. ರಾಣೆಬೆನ್ನೂರಿನಿಂದ ಬೀಜದ ಅಂಗಡಿಯ ಸಲಾವುದ್ದೀನ ಬಂದಿದ್ದ. ತನ್ನೂರಿಗೆ ಪ್ರಧಾನ ಉಪನ್ಯಾಸ ತರದಿದ್ದರೆ ಊರಿಗೆ ಬರಬೇಡ ಎಂದು ಅವನ ಗೆಳೆಯರು ಹೇಳಿ ಕಳಿಸಿದ್ದರು.

“ಎಲ್ಲಾ ಮೂಸೇನ್ರಿ,” ಎಂದ ಡಾಕಪ್ಪ. “ಗುತ್ತಲದ ಮಂಗ್ಯಾಂದು ಒಂದು ಖರೇ. ಅದನ್ನೂ ಮೀರಿಸಿದ್ದು ಇನ್ನೊಂದೈತಿ.” ಎಂದು ಕಣ್ಣು ಮುಚ್ಚಿ ಕಾಡಿಗೆಯ ಮಾತನ್ನು ಇದ್ದದ್ದು ಇದ್ದಹಾಗೆ ಹೇಳಿದ.

ಮಹೇಶ್ವರಿ ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ಇದನ್ನ ಮಷಿನ್ ಬರೆಯಂಗಿಲ್ಲ ಬಿಡ್ರಿ,” ಎಂದರು. “ಇದ ಪ್ರಧಾನ ಉಪನ್ಯಾಸ. ಬರದವರು ಯಾರು?”

“ಹೆಸರು ಕಣ್ಣಿಗೆ ಬೀಳಲಿಲ್ರಿ. ಕಟ್ಟಿನ್ಯಾಗ ಐತಿ.”

ಕಟ್ಟು ಬಿಚ್ಚಿದರು. ಹುಡುಕುವಾಗ ಕಿರಣಕುಮಾರ ಒಂದು ಹಾಳೆ ನೋಡಿ ಕೈ ತಡೆದ. “ಇದು ನಿಮ್ಮ ಮೇಘಾಂದಲ್ರಿ?” ಮೇಘಾ ಹಾವೇರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಅವಳೂ ಹಾಳೆ ಕಳಿಸಿದ್ದು ಡಾಕಪ್ಪನಿಗೆ ಗೊತ್ತಿತ್ತು. ಏನು ಬರೆದಿದ್ದಾಳೆಂದು ಗೊತ್ತಿರಲಿಲ್ಲ. ಕಿರಣಕುಮಾರ ಓದಿದ. “‘ಇಂದಿನ ವೇಗದ ಜಗತ್ತಿನಲ್ಲಿ ಮೆಣಸಿನಕಾಯಿ ಸಂಸ್ಕರಣೆಯಲ್ಲಿ ಮಹಿಳಾ ಶ್ರಮದ ಬಹುಮುಖಿ ಆಯಾಮಗಳು.’ ಏನಂತೀರಿ?”

ಎಲ್ಲರೂ ಅವನ ಮೂಗನ್ನೇ ನೋಡಿದರು. ಡಾಕಪ್ಪ ಮಗಳ ಹಾಳೆಯನ್ನು ಎತ್ತಿ ಮೂಸಿದ. ಸೀನು ಬಾ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬರಲಿಲ್ಲ. “ಮಷಿನ್ನಿಂದು” ಎಂದ. ಅವನ ನ್ಯಾಯಕ್ಕೆ ಮಹೇಶ್ವರಿ ಟೀಚರ್ ತಲೆಬಾಗಿದರು. ಸ್ವಂತ ಮಗಳನ್ನೂ ಬಿಡಲಿಲ್ಲ ಎಂದು ಸಲಾವುದ್ದೀನ ಎದ್ದು ಕೈಕುಲುಕಿದ. ಕಾಡಿಗೆಯ ಹಾಳೆ ಮಾತ್ರ ಕಟ್ಟನ್ನು ತಿರುವಿ ಹಾಕಿದರೂ ಸಿಗಲಿಲ್ಲ. ಹೇಳಿ ಕಳಿಸಿದ್ದ ಚಹಾ ಆಗ ಬಂತು. ಡಾಕಪ್ಪ ಒಂದು ಗುಟುಕು ಕುಡಿದ. ಆ ಹಾಳೆ ತನ್ನ ಜೊತೆ ಮಾತಾಡಿತ್ತಲ್ಲ, ಹಾಳೆ ಎಲ್ಲಾದರೂ ಮಾತಾಡುತ್ತದೆಯೇ ಎಂಬ ಪ್ರಶ್ನೆ ಅವನಿಗೆ ಮೊದಲ ಬಾರಿಗೆ ಎದ್ದಿತು.

ಅಷ್ಟರಲ್ಲಿ ಕಿರಣಕುಮಾರ ಸಮ್ಮೇಳನದ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿಯಾಗಿತ್ತು. ಕಾಡಿಗೆಯ ಉಪನ್ಯಾಸ ಬರೆದ ಮಹನೀಯರು ಕೂಡಲೇ ಸಂಪರ್ಕಿಸಬೇಕು.

ಮನೆಗೆ ಬಂದರೆ ಸುದ್ದಿ ಅವನಿಗಿಂತ ಮೊದಲೇ ಬಂದು ಕುಳಿತಿತ್ತು. ಮೇಘಾ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಜಯವ್ವ ಅತ್ತೆಗೆ ಕೇಳದಂತೆ ದನಿ ತಗ್ಗಿಸಿ ಇಬ್ಬರ ಮಾತನ್ನೂ ತಾನೇ ಆಡಿದಳು. “ಅಜ್ಜಿ ದುಡದದ್ದನ್ನ ಮೈಕಿನ್ಯಾಗ ಹೇಳ್ತೇನಿ ಅಂತ ಕೂಸು ತಿಂಗಳಗಟ್ಟಲೆ ಕುಂತು ಬರೀತು. ನೀವು ಮೂಸಿ ಒಗದ ಬಂದ್ರಿ. ಅಲ್ಲಿ ನೋಡ್ರಿ.”

ಡಾಕಪ್ಪ ನೋಡಿದ. ಮೂಲೆಯಲ್ಲಿ ಮಂಗಳವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಮಡಿಕೆ ಸವರುತ್ತಿದ್ದಳು. ಪ್ರಾಯದಲ್ಲಿ ಪೇಟೆಯಲ್ಲಿ ತೊಟ್ಟು ಮುರಿದೇ ಮಗನನ್ನು ಸಾಕಿದವಳು. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇನೆ ಎಂದು ಮೊಮ್ಮಗಳು ಹೇಳಿದ್ದಳಂತೆ. ಮೊಮ್ಮಗಳ ಉಪನ್ಯಾಸ ಬಿದ್ದುಹೋದದ್ದನ್ನು ಅವಳಿಗೆ ಇನ್ನೂ ಯಾರೂ ಹೇಳಿರಲಿಲ್ಲ. “ಡಾಕ್ಯಾ, ಇದು ಬಾಳ ಮಿಂಚತೈತೇನು?” ಎಂದು ಕೇಳಿದಳು. ಡಾಕಪ್ಪ ಮುರಿದ ರೊಟ್ಟಿಯನ್ನು ತಾಟಿಗೆ ಇಳಿಸಿದ.

ಮುಂದಿನ ವಾರವೆಲ್ಲ ಕಾಡಿಗೆ ಬರೆದ ಮಹನೀಯರು ಬರತೊಡಗಿದರು. ಒಬ್ಬರಲ್ಲ, ಊರಿಗಿಷ್ಟು ಜನ. ರಾಣೆಬೆನ್ನೂರಿನ ಇನ್ಶೂರೆನ್ಸ್ ಏಜೆಂಟನೊಬ್ಬ ತಾನೇ ಬರೆದದ್ದು, ವಿನಯದಿಂದ ಹೆಸರು ಹಾಕಿರಲಿಲ್ಲ ಎಂದ. ಹಾವೇರಿಯ ಕವಿಯೊಬ್ಬರು ತಮಗೆ ಅದು ಪ್ರಾತಃಕಾಲದಲ್ಲಿ ಹೊಳೆಯಿತು ಎಂದರು. ಬ್ಯಾಡಗಿಯ ಒಬ್ಬ ತಾನು ಬರೆದಿಲ್ಲ, ಆದರೆ ಬರೆಯಬೇಕೆಂದಿದ್ದೆ, ಅದಕ್ಕೂ ಬೆಲೆ ಇಲ್ಲವೇ ಎಂದು ಜಗಳ ತೆಗೆದ. ಮಹೇಶ್ವರಿ ಟೀಚರ್ ಎಲ್ಲರಿಗೂ ಒಂದೇ ಮಾತು ಹೇಳಿದರು: ಇನ್ನೊಮ್ಮೆ ಬರೆದು ತನ್ನಿ. ಬರೆದು ತಂದರು. ‘ಇಂದಿನ ವೇಗದ ಜಗತ್ತಿನಲ್ಲಿ ಕಾಡಿಗೆ ಕೇವಲ ಒಂದು ಸೌಂದರ್ಯವರ್ಧಕವಲ್ಲ, ಅದೊಂದು ಭಾವನೆ.’ ಕವಿಯದರಲ್ಲಿ ಮಾತ್ರ ಭಾವನೆಯ ಬದಲು ಪಯಣ ಇತ್ತು.

ಡಾಕಪ್ಪ ಮೂಸಿದ, ತಲೆಯಾಡಿಸಿದ, ಮೂಸಿದ, ತಲೆಯಾಡಿಸಿದ. ಅವನ ಕಣ್ಣ ಮುಂದೆ ಹಗಲಲ್ಲೇ ಕೆಂಪು ಕೆರೆ ಬಂದು ನಿಲ್ಲುತ್ತಿತ್ತು. ನಡುವೆ ಕುಳಿತವಳು ತಿರುಗಿ ನೋಡಿದರೆ ಹೆಸರು ಕೇಳಬಹುದಿತ್ತು. ಅವಳು ತಿರುಗಲೊಲ್ಲಳು. ಇತ್ತ ಆಮಂತ್ರಣ ಅಚ್ಚಾಯಿತು. ಪ್ರಧಾನ ಉಪನ್ಯಾಸ ಎಂಬಲ್ಲಿ ಕಾಡಿಗೆಯ ವಿಷಯ, ಹೆಸರಿನ ಜಾಗದಲ್ಲಿ ‘ಸೂಕ್ತ ಸಮಯದಲ್ಲಿ ಪ್ರಕಟಿಸಲಾಗುವುದು’.

ಸಮ್ಮೇಳನದ ಹಿಂದಿನ ದಿನ ಕೊನೆಯ ಸಭೆ. ಸಲಾವುದ್ದೀನ ಗೆದ್ದವನಂತೆ ಒಳಗೆ ಬಂದ. “ನಮ್ಮೂರಾಗ ಸಿಕ್ಕಾನ್ರಿ ಬರದಾಂವ. ಈ ಹಾಳಿ ಮೂಸ್ರಿ, ಆಮ್ಯಾಲ ಮಾತಾಡ್ರಿ.” ರಾಣೆಬೆನ್ನೂರಿನವರು ಒಂದು ವಾರ ಕುಳಿತು ಡಾಕಪ್ಪನ ಮೂಗನ್ನು ಅಭ್ಯಾಸ ಮಾಡಿದ್ದರು. ಹಾಳೆ ಬಿಡಿಸುವುದೇ ತಡ, ಡಾಕಪ್ಪ ಸೀನಿದ. ಮತ್ತೆ ಸೀನಿದ. ಕುರ್ಚಿ ಸಮೇತ ಹಿಂದಕ್ಕೆ ಸರಿದು ಸೀನಿದ. ಸಲಾವುದ್ದೀನ ಸಂತೋಷದಿಂದ ನಗಲು ಬಾಯಿ ತೆರೆದು ತಾನೂ ಸೀನಿದ. ಕಿರಣಕುಮಾರ ಸೀನಿದ. ಕೊನೆಗೆ, ಇಡೀ ಸರ್ವೀಸಿನಲ್ಲಿ ಮಕ್ಕಳೆದುರು ಒಮ್ಮೆಯೂ ಸೀನದಿದ್ದ ಮಹೇಶ್ವರಿ ಟೀಚರ್ ಸೀನಿ, ಹಾಳೆಯ ಮೂಲೆ ಹಿಡಿದು ಮೇಜಿನ ಮೇಲೆ ಝಾಡಿಸಿದರು. ಕೆಂಪಗೆ ಖಾರದ ಪುಡಿ ಉದುರಿತು.

“ಹಂಗಾದ್ರ ನಾನೂ ತಜ್ಞೆ ಆದ್ನಲ್ಲ,” ಎಂದರು ಟೀಚರ್. ಆಮೇಲೆ ಕನ್ನಡಕದ ಮೇಲಿಂದ ಡಾಕಪ್ಪನನ್ನು ನೋಡಿದರು. “ಡಾಕಪ್ಪನವರ, ಆ ಕಾಡಗಿ ಹಾಳಿ ನೀವು ಖರೇನ ಓದೀರೇನು?”

ಡಾಕಪ್ಪ ನೆಟ್ಟಗೆ ಕುಳಿತ. “ಓದೇನ್ರಿ.”

“ಚಲೋ ಆತು. ನಾಳೆ ಮುಂಜಾನೆ ಬರದವರನ್ನ ಕರಕೊಂಡ ಬರ್ರಿ. ಇಲ್ಲಂದ್ರ ನೀವ ಮೈಕಿನ ಮುಂದ ನಿಂತು, ಮೂರೂ ಊರಿನ ಮಂದಿಗೆ ಏನಾತು ಅಂತ ಹೇಳ್ರಿ.”

ಪೇಟೆಯ ನಡುವೆ ಹಾದು ಮನೆಗೆ ಹೋಗುವಾಗ ಹಮಾಲರು ಅವನಿಗೆ ನಮಸ್ಕಾರ ಮಾಡಿದರು. ಪ್ರತಿ ನಮಸ್ಕಾರಕ್ಕೂ ಡಾಕಪ್ಪ ಒಂದು ಗೇಣು ಕುಗ್ಗಿದ. ಸಂಜೆಯ ಬಿಸಿಲು ರಾಶಿಗಳ ಮೇಲೆ ಬಿದ್ದು ಇಡೀ ಅಂಗಳ ಒಳಗಿನಿಂದ ಉರಿಯುವಂತೆ ಕಾಣುತ್ತಿತ್ತು. ಇದೂ ಕನಸೇ ಆಗಿರಲಿ, ಜಯವ್ವ ಬಂದು ಎಬ್ಬಿಸಲಿ ಎಂದು ಆಸೆಪಟ್ಟ. ಯಾರೂ ಎಬ್ಬಿಸಲಿಲ್ಲ.

ಮನೆಗೆ ಬಂದವನೇ ಪಡಸಾಲೆಯ ಮಂಚದ ಮೇಲೆ ಕುಳಿತು, ಹೆಂಡತಿ, ಮಗಳು, ತಾಯಿ ಮೂವರನ್ನೂ ಕರೆದು ಎಲ್ಲ ಹೇಳಿದ. ಮೂಗು ಸುಳ್ಳು. ಹಾಳೆ ಸುಳ್ಳು. ನಿದ್ದೆಯಲ್ಲಿ ಕಂಡದ್ದನ್ನು ಖರೇ ಎಂದು ಹೇಳಿ ಮೂರು ಊರು ಎಬ್ಬಿಸಿದೆ. “ನಿಂದನ್ನ ಒಗದು ಕನಸಿಗೆ ಕುರ್ಚಿ ಕೊಟ್ನವ್ವ,” ಎಂದು ಮೇಘಾಳ ಕಡೆ ನೋಡದೆ ಹೇಳಿದ.

“ಏನಿತ್ತು ಕನಸಿನ್ಯಾಗ?” ಮಂಗಳವ್ವ ಕೇಳಿದಳು.

ಡಾಕಪ್ಪ ಕಣ್ಣು ಮುಚ್ಚಿ ಹೇಳಿದ. ತೊಟ್ಟು ಮುರಿಯೋ ಕೈಲೆ ಕಾಡಗಿ ಹಚ್ಚೂದು ಹೆಂಗ. ತೊಳದ್ರ ಹೋಗಂಗಿಲ್ಲ ಉರಿ. ಕೂಸು ಕೈ ಚಾಚತೈತಿ.

“ಅವ್ವ ಕೈ ಹಿಂದ ತಗೋತಾಳ,” ಎಂದು ಮೇಘಾ ಮುಗಿಸಿದಳು.

ಡಾಕಪ್ಪ ಕಣ್ಣು ಬಿಟ್ಟ. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

“ಇದೆಂಥಾ ಕನಸೋ ಮಾರಾಯಾ,” ಎಂದಳು ಮಂಗಳವ್ವ. “ಆವತ್ತು ರವಿವಾರ ಉಂಡ ಮ್ಯಾಲ ಇಕಿ ಇದನ್ನ ನನ್ನ ಮುಂದ ಓದಿ ಹೇಳಾಕತ್ತಿದ್ಲು. ಆ ಕಡೆ ನೀ ಗೊರಕಿ ಹೊಡ್ಯಾಕತ್ತಿದ್ದಿ. ಗೊರಕಿ ಸಣ್ಣ ಮಾಡು ಅಂತ ನಾ ಹೇಳೂದರಾಗ ಸೀನಿದಿ.”

ಜಯವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟು ಅಲ್ಲೇ ಕುಳಿತಳು.

“ಮತ್ತ ನೀ ಕಳಿಸಿದ್ದು ಬ್ಯಾರೆ ಇತ್ತಲ್ಲ,” ಎಂದ ಡಾಕಪ್ಪ. “ಬಹುಮುಖಿ ಏನೋ ಇತ್ತು.”

ಮೇಘಾ ನೆಲ ನೋಡಿದಳು. “ಬರದದ್ದು ಇದನ್ನರೀ ಅಪ್ಪಾ. ನಾ ಕಳಿಸಿದ್ದರಾಗ ಕಾಡಗಿನ ಇರಲಿಲ್ಲ, ಅದಕ್ಕ ಕಾಡಗಿ ಸುದ್ದಿ ಬಂದಾಗ ಬ್ಯಾರೆ ಯಾರೋ ಬರದಾರ ಅನ್ಕೊಂಡೆ. ಕಳಿಸುವಾಗ ನಾಚಿಕಿ ಬಂತು. ದೊಡ್ಡ ಮಂದಿ ಕುಂತಿರ್ತಾರ, ನಮ್ಮ ಮನಿ ಮಾತಿನ್ಯಾಗ ಹೆಂಗ ಕಳಸೂದು ಅಂತ ಅದನ್ನ ಮೊಬೈಲಿಗೆ ಕೊಟ್ಟೆ. ಚೆಂದ ಮಾಡಿಕೊಡು ಅಂದೆ. ಅದು ಚೆಂದ ಮಾಡ್ತು.” ಮಂಗಳವ್ವನ ಕಡೆ ತಿರುಗಿ, “ಅಜ್ಜಿ ಇದ್ದದ್ದನ್ನ ತಗದ್ಬಿಡ್ತು” ಎಂದಳು.

ಡಾಕಪ್ಪ ಎಷ್ಟೋ ಹೊತ್ತು ತನ್ನ ಮೂಗನ್ನು ಹಿಡಿದುಕೊಂಡು ಕುಳಿತ. ಅದನ್ನು ಬೈಯಬೇಕೋ ಹೊಗಳಬೇಕೋ ಎಂದು ಅವನಿಗೆ ತಿಳಿಯಲಿಲ್ಲ.

ಮರುದಿನ ಸಮ್ಮೇಳನ ಪೇಟೆಯ ಸಭಾಭವನದಲ್ಲೇ ನಡೆಯಿತು. ಹಾವೇರಿಯವರು ಬಲಕ್ಕೆ, ರಾಣೆಬೆನ್ನೂರಿನವರು ಎಡಕ್ಕೆ, ಬ್ಯಾಡಗಿಯವರು ತಮ್ಮದೇ ಊರೆಂದು ಎಲ್ಲ ಕಡೆ. ಗುತ್ತಲದ ರೈತ ಮಂಗಗಳ ಬಗ್ಗೆ ಹೇಳಿದ ಮಾತಿಗೆ ತಕ್ಕಂತೆ ಸಿಟ್ಟಿನಲ್ಲೇ ಮಾತಾಡಿ, ಇಳಿಯುವಾಗಲೂ ಸಿಟ್ಟಿನಲ್ಲೇ ಇಳಿದ. ಮೇಘಾ ವೇದಿಕೆಯ ಹತ್ತಿರ ಹೋಗಿ ನಿಂತಳು. ಮಹೇಶ್ವರಿ ಟೀಚರಿಗೆ ಡಾಕಪ್ಪ ಬೆಳಿಗ್ಗೆಯೇ ಎಲ್ಲ ಒಪ್ಪಿಕೊಂಡಿದ್ದ. ಅವರು ಕೇಳಿ ಮುಗಿಸಿ, “ನಿದ್ದಿಯೊಳಗ ಇಷ್ಟು ಚಲೋ ಕೇಳಿಸ್ಕೋತೀರಿ, ಎಚ್ಚರಿದ್ದಾಗ ಮಗಳ ಮಾತು ಯಾಕ ಕೇಳಂಗಿಲ್ಲ?” ಎಂದಷ್ಟೇ ಕೇಳಿದ್ದರು.

ಆದರೆ ಮುಂದಿನ ಸಾಲಿನಲ್ಲಿ ಅಕ್ಬರಬಿಯ ಪಕ್ಕದ ಕುರ್ಚಿ ಖಾಲಿ ಇತ್ತು. ಇಳಕಲ್ ಸೀರೆ ಉಟ್ಟುಕೊಂಡು ಎಲ್ಲರಿಗಿಂತ ಮೊದಲು ಬಂದಿದ್ದ ಮಂಗಳವ್ವ, ಈಗ ಬಂದೆ ಎಂದು ಹೋದವಳು ಬಂದಿರಲಿಲ್ಲ. ಜಯವ್ವ ಹೊರಗೆ ಹುಡುಕುತ್ತಿದ್ದಳು. ಡಾಕಪ್ಪ ಹಿಂದಿನ ಬಾಗಿಲಿಗೆ ಬೆನ್ನು ಮಾಡಿ, ಮಗಳ ಮೇಲೆ ಒಂದು ಕಣ್ಣು, ಖಾಲಿ ಕುರ್ಚಿಯ ಮೇಲೆ ಒಂದು ಕಣ್ಣು ಇಟ್ಟುಕೊಂಡು ನಿಂತಿದ್ದ. ಇಷ್ಟೆಲ್ಲ ಯಾರಿಗಾಗಿ ಆಯಿತೋ ಅವಳೇ ಇಲ್ಲವೆಂದು ಅವನಿಗೆ ಅಳು ಬರುವಂತಾಗಿತ್ತು.

ಮೇಘಾ ಮೈಕಿನ ಮುಂದೆ ನಿಂತಳು. ಕೈಯಲ್ಲಿ ಹಾಳೆ ಇರಲಿಲ್ಲ. ಖಾಲಿ ಕುರ್ಚಿಯನ್ನು ನೋಡಿ ಒಂದು ಗಳಿಗೆ ತಡೆದಳು, ಆಮೇಲೆ ಅಡುಗೆಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದಳು.

“ನಮ್ಮ ಅಜ್ಜಿ ಇದ ಪ್ಯಾಟ್ಯಾಗ ತೊಟ್ಟು ಮುರೀತಿದ್ಲು. ದಿನಾ ತೊಟ್ಟು ಮುರಿಯೋ ಕೈಲೆ ಕೂಸಿನ ಕಣ್ಣಿಗೆ ಕಾಡಗಿ ಹಚ್ಚೂದು ಹೆಂಗ್ರಿ? ನಮ್ಮ ಓಣ್ಯಾಗ ಅದಕ್ಕ ಒಂದು ದಾರಿ ಇತ್ತು. ಬಾಜೂ ಮನಿ ಅಕ್ಬರಬಿ ಬಳಿ ಮಾರ್ತಿದ್ಲು. ಅಕಿ ಕೈ ತಣ್ಣಗ ಇರ್ತಿದ್ವು. ತೊಟ್ಟು ಮುರಿಯೋ ಅವ್ವಂದಿರ ಕೂಸುಗಳಿಗೆಲ್ಲಾ ಅಕಿನ ಕಾಡಗಿ ಹಚ್ಚಾಕಿ. ಕಣ್ಣಾಗ ಕಸ ಬಿದ್ರ ಅಕಿನ ತಗ್ಯಾಕಿ. ಅಕಿ ಮನ್ಯಾಗ ಖಾರ ಕುಟ್ಟೂದಿದ್ರ ಅವ್ವಂದಿರು ಹೋಗಿ ಕುಟ್ಟಿ ಕೊಡವರು.”

ಮುಂದಿನ ಸಾಲಿನಲ್ಲಿ ಅಕ್ಬರಬಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಮೇಲ್ಮುಖ ಮಾಡಿ ಇಟ್ಟುಕೊಂಡು, ಯಾರದೋ ಕೈ ಎನ್ನುವಂತೆ ನೋಡುತ್ತಿದ್ದಳು.

“ನಮ್ಮ ಅಪ್ಪ ಆಗ ಕೂಸು,” ಎಂದಳು ಮೇಘಾ. “ದಿನಾ ಸಂಜಿಮುಂದ ಅಕ್ಬರಬಿ ಕಾಡಗಿ ಹಚ್ಚಾಕ ಹತ್ತಿದ್ರ ಅಂವ ಸೀನಿಬಿಡ್ತಿದ್ನಂತ. 
ಕಾಡಗಿ ಕಿವಿತನಾ ಎಳದು ಹೋಗ್ತಿತ್ತಂತ. ಯಾಕಂದ್ರ ಅಜ್ಜಿ ಆವಾಗ ಓಣಿ ತಿರುವಿನ್ಯಾಗ ಬರಾಕತ್ತಿರ್ತಿದ್ಲು. ಅಕಿ ಸೀರಿ ತುಂಬ ಮೆಣಸಿನಕಾಯಿ ಘಾಟು. ಉಳದ ಕೂಸುಗಳು ಅವ್ವನ್ನ ಮಾರಿ ನೋಡಿ ಗುರತು ಹಿಡೀತಾವ. ನಮ್ಮ ಅಪ್ಪ ಅಕಿ ಕಾಣೂಕಿಂತ ಮೊದಲ ಸೀನಿ ಗುರತು ಹಿಡೀತಿದ್ದ.”

ಹಿಂದಿನ ಬಾಗಿಲಲ್ಲಿ ನಿಂತ ಡಾಕಪ್ಪನಿಗೆ ಎಲ್ಲ ಮಸುಕು ಮಸುಕಾಗಿ, ಕುರ್ಚಿಯ ಸಾಲುಗಳು ಕೆಂಪು ನೀರಿನಂತೆ ಅಲೆಯಾಡಿದವು. ಈ ಸಲ ಅವನು ನಿದ್ದೆ ಮಾಡಿರಲಿಲ್ಲ.

ಆಗ ಅವನು ಸೀನಿದ.

ಇಡೀ ಸಭೆ ಹಿಂದಕ್ಕೆ ತಿರುಗಿತು. ಅಕ್ಬರಬಿ ಒಬ್ಬಳು ತಿರುಗಲಿಲ್ಲ. ಕೈ ನೋಡುತ್ತ ಕುಳಿತಿದ್ದವಳು ಹಾಗೇ ಕುಳಿತು, ದಿನಾ ಸಂಜೆ ಹೇಳುತ್ತಿದ್ದ ಮಾತನ್ನು ಹೇಳುವ ದನಿಯಲ್ಲೇ ಹೇಳಿದಳು.

“ಡಾಕ್ಯಾ, ನಿಮ್ಮವ್ವ ಬಂದ್ಲು ನೋಡು.”

ಡಾಕಪ್ಪ ತಿರುಗಿದ. ಅವನ ಬೆನ್ನ ಹಿಂದೆ, ಬಾಗಿಲ ಬೆಳಕಿನಲ್ಲಿ, ಮಂಗಳವ್ವ ಇಳಕಲ್ ಸೆರಗಿನ ತುಂಬ ಮೆಣಸಿನಕಾಯಿ ಕಟ್ಟಿಕೊಂಡು ನಿಂತಿದ್ದಳು. ಬರೇ ಕೈಯಲ್ಲಿ ಹೋಗಿ ಕುಂತರೆ ತೊಟ್ಟು ಮುರಿಯುವುದನ್ನು ತೋರಿಸುವುದು ಹೇಗೆ ಎಂದು ರಾಶಿಗೆ ಹೋಗಿ ಬಂದಿದ್ದಳು. ಮಗನ ಕಣ್ಣಲ್ಲಿ ನೀರು ಕಂಡು ಒರೆಸಲು ಕೈ ಎತ್ತಿದಳು. ಎತ್ತಿದ ಕೈ ಅರ್ಧಕ್ಕೇ ನಿಂತಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು, “ಅಕ್ಬರಬೀ, ಲಗೂ ಬಾ ಇಲ್ಲಿ, ಇವನ ಕಣ್ಣು ಒರಸು” ಎಂದು ಕರೆದಳು.